ಸ್ವಂತ ವಾಕ್ಯದಲ್ಲಿ ಬಳಸಿ

ಹಾಸನದ ದೊಡ್ಡಾಸ್ಪತ್ರೆ, ಎರಡನೇ ಮಹಡಿಯ ಬೆಂಚು.
ಮಡಿಲಲ್ಲಿ ಎಂಟನೇ ತರಗತಿಯ ಉತ್ತರಪತ್ರಿಕೆ,
ಕೈಯಲ್ಲಿ ಕೆಂಪು ಪೆನ್ನು.
ಮೂರನೇ ಪ್ರಶ್ನೆ: ಕೊಳಲು.

ಮೂವತ್ತೊಂದು ಮಕ್ಕಳು ಅದನ್ನು
ಕೃಷ್ಣನ ಕೈಗೇ ಕೊಟ್ಟು ಎದ್ದು ಹೋಗಿದ್ದಾರೆ.
ಮುಬೀನಾ ಒಬ್ಬಳು ಬರೆದಿದ್ದಾಳೆ:
'ಅಬ್ಬಾ ಬಿತ್ತನೆ ಆಲೂಗಡ್ಡೆ ಕೊಳಲು ಸಂತೆಗೆ ಹೋದರು.'

ಒತ್ತು ಬಿದ್ದುಹೋಗಿದೆ, ತಪ್ಪು.
ಗೀಟು ಎಳೆಯಹೋದವಳು ತಡೆದೆ.
ಹಳಗನ್ನಡದಲ್ಲಿ ಕೊಳ್ಳುವುದಕ್ಕೆ ಒತ್ತು ಬೇಕಿರಲಿಲ್ಲ,
ಊದುವುದಕ್ಕೆ ಬೇರೆಯೇ ಅಕ್ಷರವಿತ್ತು: ಕೊೞಲ್.
ಶಾಸನದ ಕಲ್ಲುಗಳ ಮೇಲೇ ಸವೆದು
ಸದ್ದಿಲ್ಲದೆ ಸತ್ತಿತು ಆ ಅಕ್ಷರ.
ಅಂದಿನಿಂದ ಕೊಳ್ಳುವವರೂ ಊದುವವರೂ
ಒಂದೇ ಳಕಾರದಲ್ಲಿ ಬಾಡಿಗೆಗಿದ್ದಾರೆ.

ಒಳಗೆ ನಿಂಗಾಜಮ್ಮ, ನನ್ನ ದೊಡ್ಡವ್ವ.
ಸಂತೇಪೇಟೆಯ ಮೂಲೆಯಲ್ಲಿ ಮೂರು ಬೆಂಚಿನ ಹೋಟೆಲು.
ಹಳೇ ಸೈಕಲ್ಲಿನ ಕೊಳವೆ ಕೊಯ್ದ ಊದುಗೊಳವೆಗೆ
ಅವಳು ಇಟ್ಟ ಹೆಸರು ಕೊಳಲು.
'ಕೊಳಲು ತಗಂಬಾ ಮಗ, ಒಲೆ ಮುನಿಸ್ಕಂಡದೆ.'
ಒಂದು ಸ್ವರವೂ ಹೊರಟಿದ್ದಿಲ್ಲ ಅದರಿಂದ.
ಬೂದಿ ಏಳುತ್ತಿತ್ತು, ಕಣ್ಣು ಉರಿಯುತ್ತಿತ್ತು,
ಆಮೇಲೆ ಅಕ್ಕಿರೊಟ್ಟಿ.

ಸಕಲೇಶಪುರದ ತೋಟಗಳಲ್ಲಿ ಹಂದಿ ಕಾಯುತ್ತಿದ್ದ ದೊಡ್ಡಪ್ಪ
ತಿಂಗಳಿಗೊಮ್ಮೆ ಬಂದಾಗ ನಗುತ್ತಿದ್ದ:
'ನಿಂದು ಪಿಳ್ಳಂಗೋವಿ ಕಣೆ, ನಂದು ಬರೀ ಕೋವಿ.
ಊದಿದ್ರೆ ಎರಡರಲ್ಲೂ ಹೊಗೆನೇ.'

ನೆನ್ನೆ ಡಾಕ್ಟರು ಕೇಳಿದರು,
ವಂಶದಲ್ಲಿ ಯಾರಿಗಾದರೂ ಇತ್ತಾ?
ವಂಶವೆಂದರೆ ಬಿದಿರು ಎಂದೂ
ನಾನೇ ಪಾಠ ಮಾಡಿದ್ದೇನೆ.
ಬಿದಿರಿಗೆ ಗಂಟು ಸಹಜ, ಸ್ವಾಮಿ.
ಇವಳ ಗಂಟಲಲ್ಲಿ ಎಷ್ಟು ದಿನದಿಂದಿತ್ತೋ,
ಹೊಗೆಸೊಪ್ಪು ಗೊತ್ತು, ಒಲೆಯ ಹೊಗೆ ಗೊತ್ತು,
ಲೆಕ್ಕ ಇಟ್ಟವರಿಲ್ಲ.

ಕೊರಳಿಗೆ ತೂತು ಕೊರೆದು ಕೊಳವೆ ಇಟ್ಟಿದ್ದಾರೆ.
ಉಸಿರು ಈಗ ಬಾಯಿಯ ಹಂಗಿಲ್ಲದೆ
ಸುಯ್ಯೆಂದು ಹೋಗಿ ಬರುತ್ತದೆ.
ಮಾತಿಲ್ಲ. ನಾಲ್ಕು ದಿನದಿಂದ ಸ್ಲೇಟು.
ಅಕ್ಷರ ಬಾರದವಳು ಅದರ ಮೇಲೆ
ಒಂದು ಲೋಟ ಬರೆದು ತೋರಿಸಿದ್ದಳು.

ಸಂಜೆ ನರ್ಸು ಪ್ರಿಸಿಲ್ಲಾ ಹೇಳಿಕೊಟ್ಟಳು:
'ಉಸಿರು ಎಳ್ಕೊಳಿ ಅಜ್ಜಿ. ಬೆರಳು ಹಿಂಗೆ, ತೂತಿನ ಮೇಲೆ.
ಮುಚ್ಚಿ. ಈಗ ಬಿಡಿ.'

ರೊಟ್ಟಿ ತಟ್ಟಿ ಸುಟ್ಟು ರೇಖೆ ಅಳಿಸಿಹೋದ ಬೆರಳು
ತಡಕಿತು, ಜಾರಿತು,
ಮತ್ತೆ ತಡಕಿ ಕೂತಿತು.
ಒಡಕು, ತೇವದ, ಇವಳದೇ ದನಿ:

'ಎಷ್ಟಾಯ್ತು?'

ಮೂವತ್ತು ವರ್ಷ ಗಿರಾಕಿಗಳು
ಕೈ ಒರೆಸಿಕೊಳ್ಳುತ್ತ ಇವಳನ್ನು ಕೇಳಿದ ಮಾತು.
ಆಸ್ಪತ್ರೆಯದೋ, ಹೊತ್ತೋ,
ನನ್ನ ಮಡಿಲ ಅಂಕಗಳೋ, ತಿಳಿಯಲಿಲ್ಲ.
ಬೆರಳು ತೆಗೆದಳು. ಮತ್ತೆ ಬರೀ ಗಾಳಿ.

ಇನ್ನೂ ಕೂಡಿಲ್ಲ ದೊಡ್ಡವ್ವ, ಅಂದೆ.