ಯಾವೆ

ಗುರುವಾರ ನಾಲ್ಕೂವರಿಗೆ ವಾರ್ಡಿನ ಏಪ್ರನ್ ಬಿಚ್ಚಿ
ಡೆಮೊ ರೂಮಿನಾಗ ಕೂಡತೇವಿ, ಹನ್ನೊಂದು ಮಂದಿ ನಾವು,
ಮೂಲ್ಯಾಗಿನ ಅಸ್ಥಿಪಂಜರ ಸೇರಿ ಹನ್ನೆರಡು.
ಸಿಸ್ಟರ್ ಬೆನೆದಿಕ್ತಾ ಎಕ್ವಡಾರಿನ ಸಮುದ್ರದಂಡಿ ಹಳ್ಳ್ಯಾಗ
ಇಪ್ಪತ್ತೆರಡು ವರ್ಷ ಹೆರಿಗಿ ಮಾಡಿಸಿ
ಹುಬ್ಬಳ್ಳಿಗೆ ಬಂದಾರ, ಮೊಣಕಾಲು ನೋವಿನ ಸಮೇತ.
ಹಲಗಿ ಮ್ಯಾಲೆ ಬರೀತಾರ: ದೋಂದೆ ಲೆ ದುಯೆಲೆ?
ಎಲ್ಲೆ ನೋಯತೈತಿ?
ನಾವು ಅಸ್ಥಿಪಂಜರಕ್ಕ ಕೇಳತೇವಿ.
ಅದು, ಎಲ್ಲಾ ಕಡೆ, ಅಂತೈತಿ.

ಸಾಲ್ ಅಂದರ ಉಪ್ಪು.
ನಮ್ಮ ಓಣ್ಯಾಗ ಸಾಲು ಅಂದರ
ಎಂಟು ದಿನಕ್ಕೊಮ್ಮೆ ಬರೋ ನೀರಿಗೆ
ನಸುಕಿನಾಗ ಹಚ್ಚಿಟ್ಟ ಪ್ಲಾಸ್ಟಿಕ್ ಕೊಡ.
ಅಸೂಕಾರ್ ಅಂದಾಗ ಎಲ್ಲಾರೂ ನಕ್ಕೆವಿ:
ನಮ್ಮ ಸಕ್ಕರೀನ ಹಡಗ ಹತ್ತಿ ಹೋಗಿ
ಹೆಸರಿಗೆ ಒಂದು ಅ ಹಚ್ಚಿಕೊಂಡಂಗಿತ್ತು.
ಸೆದ್ ಅಂದರ ನೀರಡಿಕಿ.
"ಸೇದು?" ಅಂದಳು ತಬಸ್ಸುಮ್, "ಬಾವಿಯಿಂದ?"
ಸಿಸ್ಟರ್ ಸುಣ್ಣದ ಕಡ್ಡಿ ಇಟ್ಟು
ಕಿಡಕಿ ಕಡೆ ನೋಡಿದರು ಸ್ವಲ್ಪ ಹೊತ್ತು.
"ತಪ್ಪು. ಆದರೆ ಮರೀಬೇಡ."

ಯಾಕ ಕಲೀಬೇಕು ಇದನ್ನ? ಪರೀಕ್ಷಾದಾಗಿಲ್ಲ, ಮಾರ್ಕ್ಸ್ ಇಲ್ಲ,
ಹುಬ್ಬಳ್ಳ್ಯಾಗ ಯಾವ ರೋಗಿ ಹಿಂಗ ನರಳತಾನ?
ಕೇಳಿದಾಕಿ ನಾನ.
ಉತ್ತರ ಕೊಡಲಿಲ್ಲ ಅವರು, ಹೋಮ್‌ವರ್ಕ್ ಕೊಟ್ಟರು.

ಮಾಲ್ ದೆ ಓಹೊ, ಕಣ್ಣ ತಾಗೂದು.
ಅಲ್ಲಿ ಕೂಸಿನ ಮೈಮ್ಯಾಲೆ ತತ್ತಿ ಇಳಿಸತಾರಂತ,
ನಮ್ಮಲ್ಲಿ ಉಪ್ಪು, ಮೆಣಸಿನಕಾಯಿ, ಕಸಬರಿಗಿ ಕಡ್ಡಿ.
"ನಗಬೇಡಿ. ಇಳಿಸೋ ತನಕ ನಿಂತಿರಿ.
ಥರ್ಮಾಮೀಟರ್ ಎಲ್ಲಿಗೂ ಓಡಿಹೋಗಲ್ಲ."

ಶನಿವಾರ ಕಮ್ಯುನಿಟಿ ಪೋಸ್ಟಿಂಗ್.
ನೀಲಿ ಸೀರಿ, ಕರೇ ಬ್ಯಾಗು, ಬ್ಯಾಗಿನ ಕೆಳಗ ಹಾಸಾಕ ಹಳೇ ಪೇಪರ್.
ನೇಕಾರ ನಗರದ ಹಿಂದಿನ ಓಣಿ, ಮನಿ ನಂಬರ ಹದಿನೇಳು,
ಫಕ್ಕೀರವ್ವ. ವಯಸ್ಸು ಐವತ್ತೋ ಅರವತ್ತೋ.
"ಉರಿ ಭಾಳ ಆಗೈತಿ ಯವ್ವಾ" ಅಂದಳು.
ನನ್ನ ಭಾಷಾ. ನಮ್ಮವ್ವನ ಬಾಯಾಗಿನ ಶಬ್ದ.
ಅದಕ್ಕ ಏನೂ ಕೇಳಲಿಲ್ಲ ನಾ.
ಎದಿ ಉರಿ, ಆಮ್ಲ, ಖಾರ ಕಮ್ಮಿ ತಿನ್ನು,
ನೀರು ಭಾಳ ಕುಡಿ. ಬರದೆ, ಹೆಬ್ಬಟ್ಟು ಒತ್ತಿಸಿಕೊಂಡೆ.
ಫಕ್ಕೀರವ್ವ ಹೂಂ ಅಂದಳು,
ನಾ ಲಗೂನ ಹೋಗಲಿ ಅಂತ.

ಸಿಸ್ಟರ್ ನನ್ನ ವಹಿಯೊಳಗ ಕೆಂಪು ಪೆನ್ನಿಲೆ
ಒಂದ ಶಬ್ದ ಬರದಿದ್ದರು:
ದೋಂದೆ?

ಮುಂದಿನ ಶನಿವಾರ ಕನ್ನಡ ಬರದಾಕಿಯಂಗ ಹೋದೆ.
ಪೇಪರ್ ಹಾಸಲಿಲ್ಲ, ಕಟ್ಟಿ ಮ್ಯಾಲೆ ಕೂತೆ.
ಉರಿ ಅಂದರ ಏನವ್ವಾ? ಎಲ್ಲೆ? ಯಾವಾಗ?
ಆಕಿ ಕೈ ಎದಿಗೆ ಹೋಗಲಿಲ್ಲ.
ಸೆರಗ ಸರಿ ಮಾಡಿಕೊಂಡು ಹೊಕ್ಕಳದ ಕೆಳಗ ಇಳೀತು,
ದನೀನೂ ಅದರ ಬೆನ್ನಹಿಂದ ಇಳೀತು:
"ಮಧ್ಯಾಹ್ನದ ಮ್ಯಾಲೆ ಬಾಯಿಗೆ ನೀರು ಹಾಕೂದಿಲ್ಲ ನಾ.
ಪಾಯಖಾನಿಗೆ ಏಳಕ್ಕ ಕೀಲಿ ಬೀಳತೈತಿ.
ಕೀಲಿಕೈ ಯಾವನೋ ಗಂಡಸಿನ ಹಂತೇಕ.
ರಾತ್ರಿ ಹೋಗಿ ಏನಂತ ಕೇಳೂದು?
ನೀ ಭಾಳ ಕುಡಿ ಅಂದಿ. ಕುಡದ ಎಲ್ಲೆ ಹೋಗಲಿ, ಹೇಳು."

ಪೆನ್ನಿನ ಟೊಪ್ಪಿಗಿ ತಗದು ಹಾಕಿ, ತಗದು ಹಾಕಿ
ಸುಮ್ಮನ ಕೂತೆ.
ಆಕಿ ಒಳಗ ಹೋಗಿ ನನಗೊಂದು ತಂಬಿಗಿ ನೀರು ತಂದಳು.

ಗುರುವಾರ ಹೊಸ ಶಬ್ದ: ಯಾವೆ.
ಸಿಸ್ಟರ್ ಇದ್ದ ಊರಾಗ ಯಾವೆ ಅಂದರ ನಳ.
ಯಾವೆ ಅಂದರ ಕೀಲಿಕೈನೂ.
ಎರಡಕ್ಕೂ ಒಂದ ಶಬ್ದ ಹೆಂಗ, ಅಂತ ಉಳದವರು ಕೇಳಿದರು,
ಯಾವ ಯಾವೆ ಅಂತ ಹೆಂಗ ತಿಳೀಬೇಕು ಸಿಸ್ಟರ್?
ನಾ ಕೇಳಲಿಲ್ಲ.
ವಹಿ ತಗದೆ. ಮನಿ ನಂಬರ ಹದಿನೇಳು.
ಆಮ್ಲ ಹೊಡದು ಹಾಕಿ, ಮೂತ್ರ ಪರೀಕ್ಷಾ, ಅಂತ ಬರದೆ.
ಔಷಧದ ಕಾಲಮ್ಮಿನಾಗ:
ಕೀಲಿಕೈ. ಯಾರ ಹಂತೇಕ?
ಶನಿವಾರ ಫಕ್ಕೀರವ್ವ, ನಾನು, ಓಣಿ ಹೆಣ್ಣುಮಕ್ಕಳು
ಕೂಡಿ ಹೋಗಿ ಕೇಳೂದು.
ಕಾಲಮ್ಮು ಸಾಲಲಿಲ್ಲ.
ಉಳದದ್ದನ್ನ ಅಂಚಿನಾಗ ಬರದೆ.