ಎರಡರಿಂದ ಎಂಟು

ಹಡಗಿನಲ್ಲಿ ಅಡುಗೆಯವ ಗುರುದಾಸ, ನನ್ನ ತಂಗಿಯ ಮಗ,
ಈ ಸಲ ರಜೆಗೆ ಬಂದಾಗ ಸಾಬೂನು ತರಲಿಲ್ಲ.
ಕಾಲುಚೀಲದೊಳಗೆ ಸುತ್ತಿ ತಂದ
ಹೆಬ್ಬೆರಳಷ್ಟು ಗಾಜಿನ ಕುಪ್ಪಿ.
ತಳದಲ್ಲಿ ಚಿಟಿಕೆ ಬಿಳಿ ಪುಡಿ,
ಸಾಣಿಕಟ್ಟೆಯಲ್ಲಿ ಎಲ್ಲ ಬಾಚಿದ ಮೇಲೂ ಉಳಿಯುವ ಉಪ್ಪಿನಂತೆ.
"ಪೆಪ್ಟೈಡ್, ಮಾವ್ಶಿ. ಕಾಕನ ಹೃದಯಕ್ಕೆ."
ಲೇಬಲ್ಲಿನ ಮೇಲೆ ಇರುವೆ ಅಕ್ಷರ. ಕನ್ನಡಕ ಎರಡು ಸಲ ಒರೆಸಿ ಓದಿದೆ:
ಸಂಶೋಧನೆಗೆ ಮಾತ್ರ. ಮನುಷ್ಯರಿಗಲ್ಲ.

ಮೂವತ್ತೊಂದು ವರ್ಷ ಲಸಿಕೆ ಹೊತ್ತವಳು ನಾನು.
ಕಾಳಿ ಹೊಳೆಯಾಚೆ ದೋಣಿಯಲ್ಲಿ, ಸೀರೆ ಮೊಣಕಾಲಿಗೆ ಕಟ್ಟಿ,
ನೀಲಿ ಡಬ್ಬಿ ತೊಡೆಯ ಮೇಲೆ.
ಎರಡರಿಂದ ಎಂಟು ಡಿಗ್ರಿ,
ನನ್ನ ಮಗ್ಗಿಯೂ ಅದೇ, ಸ್ತೋತ್ರವೂ ಅದೇ.
ಪುಡಿಗೆ ನೀರು ಬೆರೆಸುವುದನ್ನು ನನಗೆ ಕಲಿಸಬೇಡಿ.
ಗಾಜಿನ ಗೋಡೆಗುಂಟ ಇಳಿಸಬೇಕು, ಕುಲುಕಬಾರದು,
ಅಂಗೈಗಳ ನಡುವೆ ಹೊರಳಿಸಬೇಕು,
ಚಳಿಗೆ ಕೈ ಉಜ್ಜಿಕೊಳ್ಳುವವರಿಗಿಂತ ನಿಧಾನವಾಗಿ.
ಬೆರೆಸಿದ ಗಂಟೆ ಬರೆದಿಡಬೇಕು.
ಗಂಟೆ ಮೀರಿದರೆ ಚೆಲ್ಲಬೇಕು,
ಸರತಿಯಲ್ಲಿ ಯಾರ ಕೂಸೇ ಇದ್ದರೂ ಚೆಲ್ಲಬೇಕು.
ಎಲ್ಲ ಗೊತ್ತು.
ಎಷ್ಟು, ಅದೊಂದು ಗೊತ್ತಿಲ್ಲ.

ಗುರುದಾಸನ ಮೊಬೈಲಿನಲ್ಲಿ ಒಂದು ಲೆಕ್ಕವಿತ್ತು. ಇಲಿಗಳದು.
ಇಷ್ಟು ತೂಕದ ಇಲಿಗೆ ಇಷ್ಟು, ಇಷ್ಟು ದಿನ.
ಕೊನೆಯ ಸಾಲಿನಲ್ಲಿ ಇಲಿಗಳನ್ನು ಕೊಯ್ದು ಹೃದಯ ತೂಗಿದ್ದರು.
"ಗುಣಿಸಿದರಾಯ್ತಲ್ಲ" ಅಂದ.
ನನ್ನ ಪುರ್ಸು, ಒಂದು ಕಾಲದ ಟ್ರಾಲರಿನ ತಾಂಡೇಲ,
ಪಂಪಿಂಗ್ ಮೂವತ್ತೆರಡಕ್ಕೆ ಇಳಿದ ಮೇಲೆ
ಬೈತಖೋಲದ ಕಟ್ಟೆಯಲ್ಲಿ ಕೂತು ಬಲೆ ಹೊಲಿಯುವವ,
ನಕ್ಕ: "ನಾನೊಂದು ಎಪ್ಪತ್ತು ಕಿಲೋ ಇಲಿ. ಚುಚ್ಚೇ ಮಾರಾಯ್ತಿ."
ನಗು ಮುಗಿಯುವ ಮೊದಲೇ ಉಸಿರು ಮುಗಿದು
ಕೂತುಬಿಟ್ಟ.

ಡಾಕ್ಟರು ಕುಪ್ಪಿಯನ್ನು ಬೆಳಕಿಗೆ ಹಿಡಿದರು.
"ಒಳಗೇನಿದೆ ಎಂದು ಇದಕ್ಕೇ ಗೊತ್ತು ಬಾಯಿ.
ನೀವೇ ಸಿಸ್ಟರು, ನಾನೇನು ಹೇಳಲಿ."
ಹೊರಗೆ ಕಸದ ಬುಟ್ಟಿ ಬಾಯಿ ತೆರೆದೇ ಇತ್ತು.
ಮನೆಗೆ ತಂದೆ.
ಬಾಗಿಲ ಖಾನೆ ಬೇಡ, ಬಿಸಿಗಾಳಿ ಬಡಿಯುತ್ತದೆ;
ಫ್ರೀಜರು ಬೇಡ, ಅಲ್ಲಿ ಬಂಗಡೆ.
ಮಧ್ಯದ ಹಲಗೆ, ಕೋಕಂ ಪಾತ್ರೆಯ ಹಿಂದೆ,
ಪಕ್ಕದಲ್ಲಿ ಥರ್ಮಾಮೀಟರು.

ಆಷಾಢದ ಗಾಳಿಗೆ ಕಂಬ ಬಿದ್ದ ರಾತ್ರಿ
ಫ್ರಿಜ್ಜು ಬೆವರತೊಡಗಿತು. ಏಳು. ಏಳೂವರೆ.
ಅಟ್ಟದಿಂದ ನೀಲಿ ಡಬ್ಬಿ ಇಳಿಸಿ
ಐಸ್ ಫ್ಯಾಕ್ಟರಿಗೆ ನಡೆದೆ. ಪಾಳಿಯಲ್ಲಿ ಜೂಜೆ.
"ಇಷ್ಟೊತ್ತಿಗೆ ಯಾವ ಕೂಸಿಗೆ, ಬಾಯಿ?"
ಉತ್ತರ ಹುಡುಕಿ ಸಿಗದೆ ಐಸಿನ ದುಡ್ಡು ಕೊಟ್ಟೆ. ಅವನು ತೆಗೆದುಕೊಳ್ಳಲಿಲ್ಲ.
ಐಸ್‌ಪ್ಯಾಕು ಹೆಪ್ಪುಗಟ್ಟಿದ್ದಾಗ ಡಬ್ಬಿಗೆ ಹಾಕಬಾರದು,
ಕಿವಿಯ ಬಳಿ ಅಲುಗಿಸಬೇಕು,
ಒಳಗೆ ನೀರು ಸರಿದಾಡಿದ ಸದ್ದು ಕೇಳಬೇಕು.
ಕೇಳಿದ ಮೇಲೆ ಹಾಕಿದೆ. ನಾಲ್ಕು.

ತಿರುಗಿ ನೋಡಿದರೆ ಅವನು ಮಂಚದಲ್ಲಿ ಎದ್ದು ಕೂತಿದ್ದ,
ಬಾಯಿಂದ ಉಸಿರಾಡುತ್ತ.
ಬೆನ್ನಿಗೆ ಕಿವಿಯಿಟ್ಟೆ.
ಅದೇ ಸದ್ದು.

ಲಸಿಕೆಯ ಕುಪ್ಪಿಯ ಮೇಲೆ ಒಂದು ವೃತ್ತ, ಒಳಗೆ ಬಿಳಿ ಚೌಕ ಇರುತ್ತಿತ್ತು.
ಬಿಸಿ ತಾಗಿದಷ್ಟೂ ಚೌಕ ಕಪ್ಪಾಗುತ್ತ ಬರುತ್ತಿತ್ತು,
ನೋಡಿದರೆ ಸಾಕು, ಯಾರನ್ನೂ ಕೇಳಬೇಕಿರಲಿಲ್ಲ.
ಈ ಕುಪ್ಪಿಗೆ ಅದಿಲ್ಲ. ಅವನ ಮೇಲೂ ಯಾರೂ ಅಂಟಿಸಲಿಲ್ಲ.
ನೀರಿನ ಗುಳಿಗೆ ಕೊಟ್ಟು, ಬೆನ್ನಿಗೆ ಮೂರು ದಿಂಬು ಕೊಟ್ಟು,
ಬರಿಗಾಲಲ್ಲೇ ರಿಕ್ಷಾ ಕರೆಯಲು ಓಡಿದೆ.

ಆರು ದಿನಕ್ಕೆ ಮನೆಗೆ ಬಂದ.
ಕುಪ್ಪಿ ಈಗಲೂ ಮಧ್ಯದ ಹಲಗೆಯಲ್ಲಿ, ಮುಚ್ಚಳ ಬಿಚ್ಚದೆ.
ಎಸೆ ಅನ್ನುತ್ತಾನೆ.
ಎಸೆಯುತ್ತೇನೆ ಅನ್ನುತ್ತೇನೆ.
ಹಳೆಯ ರಿಜಿಸ್ಟರಿನ ಉಳಿದ ಹಾಳೆಗಳಲ್ಲಿ
ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ:
ಕುಪ್ಪಿ ನಾಲ್ಕು, ನಾಡಿ ಎಂಬತ್ತೆಂಟು.
ಕುಪ್ಪಿ ಐದು, ನಾಡಿ ತೊಂಬತ್ತು. ಬಲೆ ಅರ್ಧ ಹೊಲಿದಿದ್ದಾನೆ.
ಮೇಲಧಿಕಾರಿಯ ಸಹಿಯ ಜಾಗ
ಖಾಲಿ ಬಿಟ್ಟಿದ್ದೇನೆ.