ಗೀರು

ಬಸರಾಳಿಗೆ ಹೋದದ್ದು ಒಂದು ಭಾನುವಾರ,
ಮಂಡ್ಯದಲ್ಲಿ ಬಸ್ಸು ಬದಲಿಸಿ,
ಕಬ್ಬಿನ ಗಾಡಿಗಳ ಹಿಂದೆ ನಿಂತು ನಿಂತು.
ಜೇಬಿನಲ್ಲಿ ಮೆತ್ತನೆ ಬಟ್ಟೆ, ಸಣ್ಣ ಟಾರ್ಚು,
ಮಂಡಿ ಮೊಹಲ್ಲಾದ ಗುಜರಿಯವನು ಬರೆದುಕೊಟ್ಟ ಚೀಟಿ:
ಮೈಕ್ ಸೆಟ್ ಜವರಪ್ಪ. ತೀರಿಕೊಂಡು ಮೂರು ವರ್ಷ.
ಹೆಂಡತಿ ಇದ್ದಾರೆ. ಪ್ಲೇಟುಗಳಿವೆ.

ಅಟ್ಟದಿಂದ ಇಳಿಯಿತು ಕಬ್ಬಿಣದ ಟ್ರಂಕು.
ಮೊದಲು ನುಸಿಗುಳಿಗೆಯ ವಾಸನೆ,
ಆಮೇಲೆ ಒಂದು ಜಿರಳೆ ಸಂಸಾರ,
ಆಮೇಲೆ ಲಕೋಟೆಗಳು, ಒಂದೊಂದರ ಮೇಲೂ
ನೀಲಿ ಶಾಯಿಯ ಲೆಕ್ಕ:
‘ಹಾಲೂಗೌಡರ ಮಗಳು, ಬಾಕಿ ಹದಿನೈದು.’
‘ನಾಮಕರಣ, ದುಡ್ಡಿಲ್ಲ, ಅಕ್ಕಿ ಎರಡು ಸೇರು.’
‘ಜನರೇಟರು ಕೈಕೊಟ್ಟಿತು. ಕೇಳಲು ಮನಸ್ಸಾಗಲಿಲ್ಲ.’

ನಾನು ಪ್ಲೇಟನ್ನು ಬೆಳಕಿಗೆ ಓರೆ ಹಿಡಿಯುವವನು.
ಗೀರೊಂದಕ್ಕೆ ಹತ್ತು ರೂಪಾಯಿ ಇಳಿಸುತ್ತೇನೆ.
ಮೈಸೂರಿನಲ್ಲಿ ನಮ್ಮಂಥವರು ಹನ್ನೊಂದು ಜನ,
ತಿಂಗಳಿಗೊಮ್ಮೆ ಕಾಫಿಗೆ ಸೇರಿ
ಯಾರ ಮನೆಯ ಮೌನ ಹೆಚ್ಚು ಚೊಕ್ಕಟವೆಂದು ಜಗಳಾಡುತ್ತೇವೆ,
ಮುಳ್ಳು ಇಳಿದ ಮೇಲೆ, ಹಾಡು ಏಳುವ ಮುಂಚಿನ
ಆ ಒಂದು ಚೂರು ಮೌನ.

ಅದರಲ್ಲೊಂದು, ಮದುಮಗಳು ಮನೆ ತುಂಬುವ ಹಾಡು.
ನನ್ನಲ್ಲೂ ಇದೆ, ಬೊಂಬಾಯಿಯಿಂದ ತರಿಸಿದ್ದು,
ಕೂದಲೆಳೆಯ ಗೆರೆಯೂ ಇಲ್ಲದ್ದು.
ಇದಕ್ಕೋ, ನಟ್ಟನಡುವೆ ಉಗುರುದ್ದ ಗಾಯ.
‘ಇದು ಆಗೋದಿಲ್ಲಮ್ಮ’ ಎಂದು ಪಕ್ಕಕ್ಕಿಟ್ಟೆ.

ದೇವೀರಮ್ಮ ನಕ್ಕರು.
‘ಅದಾ? ಅದು ಹೊಸಿಲ್ ಪ್ಲೇಟು ಕನಪ್ಪ.’

ಹಾಡಿನಲ್ಲಿ ಹೊಸಿಲು ಬರುವ ಕಡೆಗೇ ಗೀರು.
ಮುಳ್ಳು ಅಲ್ಲಿಗೆ ಬಂದು ಎಡವುವುದು:
ಹೊಸಿಲ... ಹೊಸಿಲ... ಹೊಸಿಲ...
ಮೂರಾಗಲೆಂದು ಕಾದು
ಜವರಪ್ಪ ಬೆರಳ ತುದಿಯಿಂದ ದಾಟಿಸುವುದು.
ತೆಂಗಿನ ಮರಕ್ಕೆ ಬಿಗಿದ ಹಾರನ್ನು
ಎರಡು ಮೈಲಿ ಗದ್ದೆಗೆ ಅದನ್ನೇ ಸಾರುವುದು.
ಇಪ್ಪತ್ತು ವರ್ಷ. ಸುತ್ತಲ ಏಳೂರ ಸೊಸೆಯರು
ಬಾಗಿಲಲ್ಲಿ ಮೂರೆಣಿಸಿ ನಿಂತು
ಆಮೇಲೇ ಬಲಗಾಲು ಎತ್ತಿದರು.
ನಾಟಿಯ ಹೆಂಗಸರು ಹಾಡಿಕೊಂಡರೂ ಹಾಗೇ:
ಹೊಸಿಲ, ಹೊಸಿಲ, ಹೊಸಿಲ,
ಪೈರಿನ ಕಟ್ಟಿಗೆ ಬೆರಳಿನ ಒಂದು ತಟ್ಟು,
ಮುಂದಿನ ಸಾಲು.

‘ನನ್ ಮದ್ವೇಲಿ ಏನಾಯ್ತು ಅಂತೀಯ?
ಮೈಕ್ನೋನೇ ಗಂಡು. ಮಿಷಿನ್ ಮುಂದೆ ತಮ್ಮನ್ನ ಕೂರ್ಸಿದ್ದ,
ಅವ್ನು ಪಾಯ್ಸ ಅಂತ ಎದ್ದೋದ.
ಹೊಸಿಲ ಹೊಸಿಲ ಅಂತ ಒಂದೇ ಸಮ್ನೆ ಬಡ್ಕತಾ ಅದೆ,
ನಾನು ಸೇರು ಒದಿಯಕ್ಕೆ ಕಾಲೆತ್ಕಂಡು ನಿಂತಿವ್ನಿ.
ನಮ್ಮತ್ತೆ ಬಾ ಅಂತಾಳೆ, ಪ್ಲೇಟು ಬ್ಯಾಡ ಅಂತದೆ!
ಇವ್ನು ಬಾಸಿಂಗ ಕಟ್ಕಂಡೇ ಓಡ್ದ,
ಸೆರಗು ಗಂಟಾಕವ್ರಲ್ಲಾ, ನಾನೂ ಹಿಂದ್ಲೇ.
ಹೊಸಿಲ್ಗಿಂತ ಮೊದ್ಲು ಮಿಷಿನ್ ತಾವ್ಕೇ ಹೋದೆ ಕನಪ್ಪ ನಾನು.’

ಹದಿನೆಂಟು ಪ್ಲೇಟು ಕಟ್ಟಿಕೊಂಡೆ, ಚೌಕಾಸಿ ಮಾಡದೆ.
ಕೊನೆಗೆ, ಗಂಟಲು ಸರಿಮಾಡಿಕೊಂಡು,
ಆ ಗೀರಿನದಕ್ಕೂ ಒಂದು ಬೆಲೆ ಹೇಳಿದೆ,
ನನ್ನ ನೋಟುಬುಕ್ಕಿನಲ್ಲಿಲ್ಲದ ಬೆಲೆ.
‘ಊಹೂಂ’ ಎಂದರು.
ಮಿಷಿನ್ನು ಮಾರಿ ಎಷ್ಟೋ ಕಾಲವಾಗಿದೆ.
ಸೆರಗಿನಿಂದ ಅದನ್ನೊಮ್ಮೆ ಒರೆಸಿ
(ಒರಟು ನೂಲು, ನನ್ನ ಹಲ್ಲು ಜುಮ್ಮೆಂದಿತು)
ರಾಗಿಹಿಟ್ಟಿನ ಡಬ್ಬಕ್ಕೆ ಮುಚ್ಚಿದರು.
ಸರಿಯಾಗಿ ಕೂತಿತು. ದಿನಾ ಕೂರುತ್ತಿತ್ತೆಂದು ಕಾಣುತ್ತದೆ.

ರಾತ್ರಿ ಒಂಟಿಕೊಪ್ಪಲಿನ ಕೋಣೆಯಲ್ಲಿ
ನನ್ನ ಚೊಕ್ಕ ಪ್ಲೇಟನ್ನು ಹಾಕಿದೆ.
ಮೌನ ಇತ್ತು, ನಿಷ್ಕಳಂಕ. ಹಾಡು ಎದ್ದಿತು.
ಮದುಮಗಳು ನಡೆದು ಬಂದಳು,
ಹೊಸಿಲು ಒಂದೇ ಸಲ, ದಾಟಿಯೇಬಿಟ್ಟಳು,
ಯಾರೂ ಕರೆಯದ ಮನೆಗೆ ಬಂದವಳ ಹಾಗೆ.
ನನ್ನ ತೋರುಬೆರಳು
ಗಾಳಿಯಲ್ಲಿ ಎದ್ದು ನಿಂತಿತ್ತು.
ಅಷ್ಟರಲ್ಲಿ ಮುಳ್ಳು ಎರಡನೇ ಚರಣದಲ್ಲಿತ್ತು.